ಕೀ ತಿರುಗಿಸಿದರೂ ಮೀಟರ್ ಬೋರ್ಡ್ ಹತ್ತುತ್ತಿಲ್ಲ: ಇಸಿಎಂ ಬದಲಿಸುವ ಮುನ್ನ ನೋಡಬೇಕಾದ್ದು

ಪ್ರಶ್ನೆ: ನಮ್ಮದು 2013ರ ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಊರು ಶಿರಸಿ ಹತ್ತಿರ. ಕೆಲವು ವಾರಗಳಿಂದ ಕೀ ತಿರುಗಿಸಿದರೆ ಒಮ್ಮೊಮ್ಮೆ ಮೀಟರ್ ಬೋರ್ಡಿನಲ್ಲಿ ಒಂದು ದೀಪವೂ ಹತ್ತುತ್ತಿರಲಿಲ್ಲ. ಕೀಯನ್ನು ಸ್ವಲ್ಪ ಅಲ್ಲಾಡಿಸಿದರೆ ಹತ್ತಿ, ಗಾಡಿ ಸ್ಟಾರ್ಟ್ ಆಗುತ್ತಿತ್ತು. ಈಗ ಎಷ್ಟು ಅಲ್ಲಾಡಿಸಿದರೂ ಇಲ್ಲ, ಸೆಲ್ಫ್ ಕೂಡ ತಗೊಳ್ಳುತ್ತಿಲ್ಲ. ಹೆಡ್‌ಲೈಟ್, ಹಾರ್ನ್, ಸೆಂಟ್ರಲ್ ಲಾಕ್ ಸರಿ ಇವೆ. ಕೀಯ ಮೊದಲ ಹಂತದಲ್ಲಿ ಮ್ಯೂಸಿಕ್ ಸಿಸ್ಟಂ ಹಾಡುತ್ತದೆ. ಹೊಸ ಬ್ಯಾಟರಿ ಹಾಕಿಸಿದೆ, ವ್ಯತ್ಯಾಸವಿಲ್ಲ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಕನೆಕ್ಟ್ ಆಗುತ್ತಿಲ್ಲ, ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ ಎಂದರು. ಕೀಯನ್ನು ಹೊಸ ಇಸಿಎಂಗೆ ಹೊಂದಿಸುವ ಕೀ ಕೋಡಿಂಗ್ ಸೇರಿ ಮೂವತ್ತು ಸಾವಿರ ದಾಟುತ್ತದಂತೆ. ಬದಲಿಸಿಬಿಡಲೇ?

ಉತ್ತರ: ಈಗಲೇ ಬದಲಿಸಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಇಸಿಎಂ ಕೆಟ್ಟಿದೆ ಎನ್ನಲು ಆಧಾರವೇ ಇಲ್ಲ. ಸ್ಕ್ಯಾನರ್ ಕನೆಕ್ಟ್ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅಷ್ಟು ದುಡ್ಡು ಸುರಿಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್ ಸ್ಟಿಯರಿಂಗ್ ಕೆಳಗೆ ಇರುತ್ತದೆ, ಅದರಲ್ಲಿ 16 ಪಿನ್. ಹದಿನಾರನೆಯ ಪಿನ್ನಿಗೆ ಬ್ಯಾಟರಿಯಿಂದ ಸದಾ 12 ವೋಲ್ಟ್ ಇರುತ್ತದೆ. ನಾಲ್ಕು ಮತ್ತು ಐದನೆಯವು ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್ ಕಡೆ. ಹಾಗಾಗಿ ಇಗ್ನಿಷನ್ (ಕೀ ಆನ್ ಮಾಡಿದಾಗ ಬರುವ ಕರೆಂಟ್) ಸತ್ತಿದ್ದರೂ ಸ್ಕ್ಯಾನರಿನ ದೀಪ ಹತ್ತುತ್ತದೆ, ಪರದೆ ಬೆಳಗುತ್ತದೆ. ನೋಡಿದವರಿಗೆ ಸಾಕೆಟ್ಟಿಗೆ ಸಪ್ಲೈ ಇದೆ, ಆದರೂ ಇಸಿಎಂ ಮಾತಾಡುತ್ತಿಲ್ಲ ಅನ್ನಿಸುತ್ತದೆ. ಆದರೆ ಇಸಿಎಂಗೆ ಎಚ್ಚರವಾಗುವುದು ಇಗ್ನಿಷನ್ ಸ್ವಿಚ್ಚಿನ ಆನ್ ವೈರಿನಿಂದ ಕರೆಂಟ್ ಬಂದಾಗ. ಆ ಸಂಕೇತ ಸಿಕ್ಕ ಮೇಲೆ ಅದು ಮೇನ್ ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಎಳೆದು ತನ್ನ ಪೂರ್ತಿ ಸಪ್ಲೈ ತೆಗೆದುಕೊಳ್ಳುತ್ತದೆ. ಆನ್ ವೈರಿನಲ್ಲಿ ಕರೆಂಟೇ ಇಲ್ಲದಿದ್ದರೆ ಅತ್ಯುತ್ತಮ ಇಸಿಎಂ ಕೂಡ ಸುಮ್ಮನೇ ಇರುತ್ತದೆ. ಹೊಸದನ್ನು ತಂದು ಹಾಕಿದರೂ ಸುಮ್ಮನೇ ಇರುತ್ತದೆ. ಮನೆಯ ಮೇನ್ ವಾಲ್ವ್ ಮುಚ್ಚಿರುವಾಗ ಅಡುಗೆಮನೆಯ ನಲ್ಲಿ ಬದಲಿಸಿದ ಹಾಗೆ.

ಇನ್ನೊಂದು ಸುಳಿವೂ ನಿಮ್ಮ ಮಾತಿನಲ್ಲೇ ಇದೆ. ಇಸಿಎಂ ಒಂದೇ ಹೋಗಿದ್ದರೆ ಚೆಕ್ ಎಂಜಿನ್ ದೀಪ ಹತ್ತದೇ ಇರಬಹುದು, ಎಂಜಿನ್ ಸ್ಟಾರ್ಟ್ ಆಗದೇ ಇರಬಹುದು. ಆದರೆ ಹ್ಯಾಂಡ್‌ಬ್ರೇಕ್ ದೀಪ, ಸೀಟ್‌ಬೆಲ್ಟ್ ದೀಪ, ಪೆಟ್ರೋಲ್ ಮುಳ್ಳು ಇವು ಜೀವ ಪಡೆಯಬೇಕಿತ್ತು. ಮೀಟರ್ ಬೋರ್ಡಿಗೆ ಅದರದೇ ಫ್ಯೂಸ್, ಅದರದೇ ಸಪ್ಲೈ ಇರುತ್ತದೆ. ಮೀಟರ್ ಬೋರ್ಡು, ಇಸಿಎಂ, ಸೆಲ್ಫ್ ಮೂರೂ ಒಟ್ಟಿಗೆ ಸತ್ತಿವೆ ಅಂದರೆ ಮೂರಕ್ಕೂ ಸಮಾನವಾದ ದಾರಿಯಲ್ಲಿ ಎಲ್ಲೋ ಕಡಿದಿದೆ ಎಂದೇ ಮೊದಲು ಅನುಮಾನಿಸಬೇಕು. ಆ ದಾರಿ ಹೀಗಿದೆ: ಬ್ಯಾಟರಿ, ಬಾನೆಟ್ ಒಳಗಿನ ಮೇನ್ ಫ್ಯೂಸ್, ಅಲ್ಲಿಂದ ಇಗ್ನಿಷನ್ ಸ್ವಿಚ್, ಸ್ವಿಚ್ಚಿನಿಂದ ಒಳಗಿನ ಫ್ಯೂಸ್ ಬಾಕ್ಸ್, ಅಲ್ಲಿಂದ ಒಂದೊಂದು ಕವಲು. ಕೀ ಅಲ್ಲಾಡಿಸಿದಾಗ ಸರಿಹೋಗುತ್ತಿತ್ತು ಎಂಬ ನಿಮ್ಮ ಮಾತು ಬೆರಳು ತೋರಿಸುತ್ತಿರುವುದು ಸ್ವಿಚ್ಚಿನ ಕಡೆಗೇ. ಆದರೂ ಅಳತೆ ಮಾಡದೆ ಸ್ವಿಚ್ ಬದಲಿಸಿ ಎಂದು ನಾನೂ ಹೇಳುವುದಿಲ್ಲ.

ಯಾವ ಉಪಕರಣವೂ ಇಲ್ಲದೆ ಡ್ರೈವರ್ ಸೀಟಿನಲ್ಲೇ ಕೂತು ಮಾಡಬಹುದಾದ ಪರೀಕ್ಷೆ ಇದು. ಕೀಯನ್ನು ಆನ್ ಹಂತಕ್ಕೆ ತಿರುಗಿಸಿ. ಹಜಾರ್ಡ್ ಸ್ವಿಚ್ ಒತ್ತಿ, ನಾಲ್ಕೂ ಇಂಡಿಕೇಟರ್ ಮಿನುಗುತ್ತವೆಯೇ ನೋಡಿ. ಆಮೇಲೆ ಹಜಾರ್ಡ್ ಆಫ್ ಮಾಡಿ, ಸಾಮಾನ್ಯ ಇಂಡಿಕೇಟರ್ ಹಾಕಿ. ಹಜಾರ್ಡ್ ಮಿನುಗಿ, ಇಂಡಿಕೇಟರ್ ಮಿನುಗದಿದ್ದರೆ ತುಂಬಾ ವಿಷಯ ಗೊತ್ತಾದಂತೆ. ಬಲ್ಬುಗಳು ಅವೇ, ಅರ್ತ್ ಅದೇ. ಹಜಾರ್ಡಿಗೆ ನೇರವಾಗಿ ಬ್ಯಾಟರಿ ಕರೆಂಟ್, ಇಂಡಿಕೇಟರಿಗೆ ಇಗ್ನಿಷನ್ ಕರೆಂಟ್, ಅಷ್ಟೇ ವ್ಯತ್ಯಾಸ. ಹಾಗೆಯೇ ಪವರ್ ವಿಂಡೋ, ವೈಪರ್, ಬ್ಲೋವರ್ ಒಂದೊಂದಾಗಿ ಹಾಕಿ ನೋಡಿ. ಎಲ್ಲವೂ ಸತ್ತಿದ್ದರೆ ದೋಷ ಸ್ವಿಚ್ಚಿನಲ್ಲಿ ಅಥವಾ ಅದಕ್ಕಿಂತ ಹಿಂದೆ. ಕಿಟಕಿ ಏರಿಳಿಯುತ್ತದೆ, ಬ್ಲೋವರ್ ತಿರುಗುತ್ತದೆ, ಮೀಟರ್ ಬೋರ್ಡ್ ಮಾತ್ರ ಹತ್ತುತ್ತಿಲ್ಲ ಅಂದರೆ ದೋಷ ಸ್ವಿಚ್ಚಿನಿಂದ ಮುಂದೆ, ಯಾವುದೋ ಕವಲಿನಲ್ಲಿ. ಹಿಂದಿನ ಸೀಟಿನ ಕೆಳಗಿಂದ ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಎನ್ನುವುದನ್ನೂ ಕಿವಿಗೊಟ್ಟು ಕೇಳಿ. ಅದು ಕೇಳಿಸಿದರೆ ಇಸಿಎಂ ಬದುಕಿದೆ.

ಮ್ಯೂಸಿಕ್ ಸಿಸ್ಟಂ ಹಾಡುತ್ತದೆ ಎಂದಿರಿ. ಅಂದರೆ ಸ್ವಿಚ್ಚಿನ ತನಕ ಕರೆಂಟ್ ಬಂದು, ಎಸಿಸಿ ಎನ್ನುವ ಕೀಯ ಮೊದಲ ಹಂತದ ಕಾಂಟ್ಯಾಕ್ಟ್ ದಾಟುತ್ತಿದೆ. ಇದರಿಂದ ಮೇನ್ ಫ್ಯೂಸ್‌ಗಳೆಲ್ಲ ಸರಿ ಇವೆ ಎಂದು ತೀರ್ಮಾನಿಸಲು ಹೋಗಬೇಡಿ. ಜಪಾನಿ ಮಾದರಿಯ ವೈರಿಂಗ್ ಇರುವ ಅನೇಕ ಗಾಡಿಗಳಲ್ಲಿ ಸ್ವಿಚ್ಚಿಗೆ ಎರಡು ಪ್ರತ್ಯೇಕ ಫ್ಯೂಸ್‌ಗಳಿಂದ ಎರಡು ದಪ್ಪ ವೈರ್ ಬರುತ್ತವೆ. ಒಂದರಿಂದ ಎಸಿಸಿ ಮತ್ತು ಮೊದಲ ಇಗ್ನಿಷನ್ ಸಾಲು, ಇನ್ನೊಂದರಿಂದ ಎರಡನೆಯ ಇಗ್ನಿಷನ್ ಸಾಲು ಮತ್ತು ಸೆಲ್ಫ್. ಎರಡನೆಯ ಫ್ಯೂಸ್ ಹೋಗಿ ಮೊದಲನೆಯದು ಉಳಿದಿದ್ದರೂ ಹಾಡು ಕೇಳಿಸುತ್ತಲೇ ಇರುತ್ತದೆ.

ಬ್ಯಾಟರಿ ವಿಷಯ ಬೇಗ ಮುಗಿಸೋಣ. ಪೂರ್ತಿ ಚಾರ್ಜ್ ಆದ, ಸುಮ್ಮನಿರುವ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಡಿಮೆ ಬರಿದು. ಹೊಸದು ಹಾಕಿಸಿದ್ದೀರಿ, ಆದರೆ ಟರ್ಮಿನಲ್ ಕ್ಲ್ಯಾಂಪ್ ಬಿಗಿ ಇದೆಯೇ? ಕೈಯಿಂದ ತಿರುಚಿದರೆ ಅಲುಗಬಾರದು. ನೆಗೆಟಿವ್ ಕೇಬಲ್ ಬಾಡಿಗೆ ಮತ್ತು ಗೇರ್‌ಬಾಕ್ಸಿಗೆ ಕೂರುವ ಬೋಲ್ಟುಗಳನ್ನೂ ನೋಡಿ. ಒಳಗಿನ ರೂಫ್ ಲೈಟ್ ಹಾಕಿಟ್ಟು ಕೀ ಆನ್ ಮಾಡಿ. ಆ ದೀಪ ಪೂರ್ತಿ ಕಂದಿಹೋದರೆ ಬ್ಯಾಟರಿ ಕಡೆಯ ಲೂಸ್ ಕಾಂಟ್ಯಾಕ್ಟ್. ಇದ್ದ ಹಾಗೇ ಉರಿಯುತ್ತಿದ್ದರೆ ಬ್ಯಾಟರಿಯನ್ನು ಬಿಟ್ಟು ಮುಂದೆ ಹೋಗಬಹುದು.

ಫ್ಯೂಸ್‌ಗಳನ್ನು ಕಣ್ಣಿನಲ್ಲಿ ನೋಡಿ ಪಾಸ್ ಮಾಡಬೇಡಿ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆಗಳಿರುತ್ತವೆ, ಕೀಳದೆಯೇ ಅಲ್ಲಿ ಟೆಸ್ಟ್ ಲ್ಯಾಂಪ್ (ಒಂದು ತುದಿ ಅರ್ತಿಗೆ ಸಿಕ್ಕಿಸಿದ ಬಲ್ಬ್) ಮುಟ್ಟಿಸಬಹುದು. ಎರಡೂ ಕಡೆ ಹತ್ತಿದರೆ ಸರಿ, ಒಂದೇ ಕಡೆ ಹತ್ತಿದರೆ ಫ್ಯೂಸ್ ಹೋಗಿದೆ, ಎರಡೂ ಕಡೆ ಹತ್ತದಿದ್ದರೆ ಆ ಫ್ಯೂಸಿಗೇ ಸಪ್ಲೈ ಬರುತ್ತಿಲ್ಲ. ಈ ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಫ್ಯೂಸ್ ಕಿತ್ತು, ಬೆಳಕಿಗೆ ಹಿಡಿದು, ಚೆನ್ನಾಗಿದೆ ಎಂದು ಮತ್ತೆ ಹಾಕುತ್ತಾರೆ. ಫ್ಯೂಸ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಕರೆಂಟ್ ಇರುವುದಿಲ್ಲ. ಸುಟ್ಟ ಫ್ಯೂಸ್ ಸಿಕ್ಕರೆ ಅದೇ ಆಂಪಿಯರಿನದನ್ನೇ ಹಾಕಿ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಹೊಸದೂ ತಕ್ಷಣ ಸುಟ್ಟರೆ ಮುಂದೆ ಎಲ್ಲೋ ಶಾರ್ಟ್ ಇದೆ. ಅಲ್ಲಿ ದೊಡ್ಡ ಫ್ಯೂಸ್ ಅಥವಾ ತಂತಿ ಸುತ್ತಿ ಹಾಕುವವರ ಕೈಗೆ ದಯವಿಟ್ಟು ಗಾಡಿ ಕೊಡಬೇಡಿ, ಗಾಡಿಗೆ ಬೆಂಕಿ ಬೀಳುವುದು ಹೀಗೇ.

ಈಗ ಮುಖ್ಯ ಜಾಗಕ್ಕೆ ಬರೋಣ. ಕೀ ಹಾಕುವ ಲಾಕ್ ಬೇರೆ, ಅದರ ಹಿಂಬದಿಯಲ್ಲಿ ಕೂತಿರುವ ಎಲೆಕ್ಟ್ರಿಕಲ್ ಸ್ವಿಚ್ ಬೇರೆ. ಹೆಚ್ಚಿನ ಗಾಡಿಗಳಲ್ಲಿ ಸ್ವಿಚ್ಚು ಒಂದೆರಡು ಸ್ಕ್ರೂನಲ್ಲಿ ಬಿಚ್ಚಿಬರುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿ. ಸ್ಟಿಯರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಅದು ಕಾಣುತ್ತದೆ. ಕವರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಬಿಡಿ. ಎಷ್ಟು ನಿಮಿಷ ಎಂಬುದು ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಹಳದಿ ಬಣ್ಣದ ಕನೆಕ್ಟರ್ ಎಲ್ಲಿ ಕಂಡರೂ ಅದನ್ನು ಬಿಚ್ಚಬೇಡಿ, ಅದರೊಳಗೆ ಮೀಟರ್ ಅಥವಾ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ. ಅಷ್ಟು ಸಣ್ಣ ಕರೆಂಟ್ ಸಾಕು, ಏರ್‌ಬ್ಯಾಗ್ ಮುಖದ ಮುಂದೆಯೇ ಸಿಡಿಯಬಹುದು. ಇದರಲ್ಲಿ ಕೈ ಪಳಗಿಲ್ಲದಿದ್ದರೆ ಇಲ್ಲಿಂದ ಮುಂದಿನದನ್ನು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಕವರ್ ತೆಗೆದ ಮೇಲೆ ಅಳತೆಗೆ ಮುಂಚೆ ಕನೆಕ್ಟರನ್ನು ಟಾರ್ಚ್ ಹಾಕಿ ನೋಡಿ. ಬಿಳಿ ಪ್ಲಾಸ್ಟಿಕ್ಕಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿರಬಹುದು, ಆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಉಬ್ಬಿರಬಹುದು, ವೈರಿನ ತೊಗಟೆ ಗಟ್ಟಿಯಾಗಿ ಬಿರಿದಿರಬಹುದು. ಮೂಗಿಗೆ ಹಿಡಿದರೆ ಕಮಟು ವಾಸನೆ. ಇಷ್ಟು ಕಂಡರೆ ರೋಗ ಸಿಕ್ಕಿತು. ಹೀಗೆ ಸುಡುವುದಕ್ಕೆ ಕಾರಣವೂ ಸರಳ. ಹಳೆಯದಾದಂತೆ ಸ್ವಿಚ್ಚಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸವೆದು ಅಲ್ಲಿ ರೆಸಿಸ್ಟೆನ್ಸ್ ಹುಟ್ಟುತ್ತದೆ. ಬರೀ 0.1 ಓಮ್ ಎಂದಿಟ್ಟುಕೊಳ್ಳಿ. ಬ್ಲೋವರ್, ವೈಪರ್ ಎಲ್ಲ ಸೇರಿ 15 ಆಂಪಿಯರ್ ಹರಿದರೆ ಅಲ್ಲಿ 22 ವ್ಯಾಟ್ ಶಾಖ. ಇಂಡಿಕೇಟರ್ ಬಲ್ಬ್ 21 ವ್ಯಾಟಿನದು. ಉರಿಯುತ್ತಿರುವಾಗ ಕೈಯಲ್ಲಿ ಹಿಡಿಯಲಾಗದು. ಅಷ್ಟು ಶಾಖ ಬೆರಳ ತುದಿಯಷ್ಟು ಪ್ಲಾಸ್ಟಿಕ್ಕಿನೊಳಗೆ ದಿನವೂ ಕೂತರೆ ಅದು ಕರಗದೆ ಇನ್ನೇನಾದೀತು? ಹೊರಗಿನಿಂದ ಹಾಕಿಸಿದ ಆಂಪ್ಲಿಫೈಯರ್, ಹೆಚ್ಚು ವ್ಯಾಟಿನ ದೀಪ ಇವನ್ನೆಲ್ಲ ಇಗ್ನಿಷನ್ ವೈರಿಗೇ ನೇರವಾಗಿ ಸುತ್ತಿದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಅಳತೆಗೆ ಮತ್ತೆ ನೆಗೆಟಿವ್ ಹಾಕಿ. ಕನೆಕ್ಟರ್ ಬಿಚ್ಚಬೇಡಿ, ವೈರ್ ಒಳಹೋಗುವ ಹಿಂಬದಿಯಿಂದ ತೆಳು ಪಿನ್ ಇಳಿಸಿ ನೋಡಬೇಕು. ಮೀಟರಿನ ಕಪ್ಪು ವೈರ್ ಒಳ್ಳೆಯ ಅರ್ತಿಗೆ, ಕೆಂಪು ವೈರ್ ಮೊದಲು ದಪ್ಪ ಬ್ಯಾಟರಿ ವೈರಿಗೆ. ಕೀ ಆಫ್ ಇದ್ದರೂ ಅಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇರಬೇಕು. ಎರಡು ದಪ್ಪ ವೈರ್ ಇದ್ದರೆ ಎರಡರಲ್ಲೂ ಇರಬೇಕು. ಆಮೇಲೆ ಕೀ ಆನ್ ಮಾಡಿ ಇಗ್ನಿಷನ್ ವೈರಿನಲ್ಲಿ ನೋಡಿ. ಒಳಬರುವ ಕಡೆ 12.5, ಹೊರಹೋಗುವ ಕಡೆ ಸೊನ್ನೆ ಅಂದರೆ ಸ್ವಿಚ್ ಸತ್ತಿದೆ. ಹೊರಗೆ 9 ವೋಲ್ಟ್ ಬಂದು, ಕೀ ಅಲ್ಲಾಡಿಸಿದಾಗ ಅಂಕಿ ಕುಣಿದರೆ ಕಾಂಟ್ಯಾಕ್ಟ್ ಸವೆದಿದೆ. ಒಳಗೇ ಸೊನ್ನೆ ಅಂದರೆ ಸ್ವಿಚ್ಚಿನ ತಪ್ಪಿಲ್ಲ, ಬಾನೆಟ್ ಕಡೆ ಹೋಗಬೇಕು. ಹೊರಗೆ ಪೂರ್ತಿ 12.5 ಬರುತ್ತಿದ್ದರೂ ಮೀಟರ್ ಬೋರ್ಡ್ ಹತ್ತದಿದ್ದರೆ ಒಳಗಿನ ಫ್ಯೂಸ್ ಬಾಕ್ಸ್ ಕಡೆ ಹೋಗಬೇಕು. ಯಾವ ದಿಕ್ಕಿಗೆ ಹೋಗಬೇಕು ಎಂಬುದನ್ನು ಈ ಒಂದು ಜಾಗ ಹೇಳಿಬಿಡುತ್ತದೆ. ಅದಕ್ಕೇ ನಾನು ಯಾವಾಗಲೂ ಇಲ್ಲಿಂದ ಶುರು ಮಾಡಿ ಎನ್ನುವುದು.

ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ಅದು ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಕಿಲುಬು ಹಿಡಿದು ವೈರಿನ ಸಂಪರ್ಕ ಹೆಸರಿಗಷ್ಟೇ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಅದೇ ಜಾಗದಲ್ಲಿ 21 ವ್ಯಾಟಿನ ಬಲ್ಬ್ ಮುಟ್ಟಿಸಿದರೆ ಮಂಕಾಗಿ ಹತ್ತುತ್ತದೆ ಅಥವಾ ಹತ್ತುವುದೇ ಇಲ್ಲ. ಸ್ವಿಚ್ಚಿನ ದಪ್ಪ ವೈರುಗಳಿಗೆ, ಫ್ಯೂಸ್‌ಗಳಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಒಳ್ಳೆಯದು. ಇಸಿಎಂ ಪಿನ್ನುಗಳಿಗೆ ಮಾತ್ರ ಅದನ್ನು ತಾಗಿಸಬಾರದು, ಅಲ್ಲಿಗೆ ಮಲ್ಟಿಮೀಟರೇ ಬೇಕು.

ಸ್ವಿಚ್ಚು ಸರಿ ಇದ್ದು ಅದನ್ನು ತಿರುಗಿಸುವ ಲಾಕೇ ಸವೆದಿರುವುದೂ ಉಂಟು. ಲಾಕಿನ ಹಿಂದಿನ ನಾಲಿಗೆ ಮುರಿದರೆ ಕೀ ತಿರುಗುತ್ತದೆ, ಸ್ವಿಚ್ ತಿರುಗುವುದಿಲ್ಲ. ಸ್ವಿಚ್ ಬಿಚ್ಚಿ, ಕನೆಕ್ಟರ್ ಹಾಗೇ ಇಟ್ಟು, ಅದರ ನಡುವಿನ ಸೀಳನ್ನು ಚಪ್ಪಟೆ ಸ್ಕ್ರೂ ಡ್ರೈವರಿನಿಂದ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಅದಕ್ಕೂ ಮುಂಚೆ ಮನೆಯಲ್ಲಿರುವ ಎರಡನೆಯ ಕೀ ಹಾಕಿ ನೋಡಿ. ವರ್ಷಗಟ್ಟಲೆ ಒಂದೇ ಕೀ ಬಳಸಿದರೆ ಅದರ ಹಲ್ಲು ಸವೆದಿರುತ್ತದೆ. ಲಾಕಿನೊಳಗೆ ಎಣ್ಣೆ ಬಿಡಬೇಡಿ, ಧೂಳು ಅಂಟಿ ಕೆಸರಾಗುತ್ತದೆ. ಗ್ರಾಫೈಟ್ ಪುಡಿ ಸಾಕು. ಕೀ ತಿರುಗುವುದೇ ಇಲ್ಲ ಎಂದು ಬರೆಯುವವರಿಗೆ ಬೇರೆ ಉತ್ತರ: ಸ್ಟಿಯರಿಂಗ್ ಲಾಕ್ ಬಿಗಿಹಿಡಿದಿರುತ್ತದೆ, ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಎಳೆಯುತ್ತಾ ಕೀ ತಿರುಗಿಸಬೇಕು.

ನಿಮ್ಮ ಊರಿನ ಮಳೆಗಾಲವನ್ನು ಮರೆಯುವಂತಿಲ್ಲ. ಮಲೆನಾಡಿನಲ್ಲಿ ಬೆಚ್ಚಗಿನ ಜಾಗ ಹುಡುಕಿ ಇಲಿ ಬಾನೆಟ್ ಸೇರುತ್ತದೆ, ಬ್ಯಾಟರಿ ತಟ್ಟೆಯ ಕೆಳಗಿನ, ಫ್ಯೂಸ್ ಬಾಕ್ಸಿನ ಹಿಂದಿನ ವೈರ್ ಕಡಿಯುತ್ತದೆ. ಸ್ವಿಚ್ಚಿಗೆ ಸಪ್ಲೈ ಬರುತ್ತಿಲ್ಲ ಎಂದಾದರೆ ಮೊದಲು ಅಲ್ಲಿ ಹಿಕ್ಕೆ, ಅಡಿಕೆ ಸಿಪ್ಪೆ, ಹುಲ್ಲಿನ ಕುರುಹು ಹುಡುಕಿ. ಮುಂದಿನ ಗಾಜಿನ ರಬ್ಬರಿನಿಂದ ನೀರು ಒಳಗಿಳಿದು ಕಾಲಡಿಯ ಮ್ಯಾಟ್ ಒದ್ದೆಯಾಗುತ್ತಿದ್ದರೆ, ಡ್ಯಾಶ್‌ಬೋರ್ಡಿನ ಇಕ್ಕೆಲದಲ್ಲಿ ಬಾಡಿಗೆ ಕೂರಿಸಿದ ಅರ್ತ್ ಬೋಲ್ಟುಗಳನ್ನು ಬಿಚ್ಚಿ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಉಜ್ಜಿ ಮತ್ತೆ ಬಿಗಿಮಾಡಿ. ಸಪ್ಲೈ ಇದ್ದೂ ಮೀಟರ್ ಬೋರ್ಡ್ ಸತ್ತಂತಿರುವುದಕ್ಕೆ ಅರ್ತ್ ಕಡಿದಿರುವುದೂ ಕಾರಣವಾಗಬಹುದು.

ಗಾಡಿ ಸೆಕೆಂಡ್ ಹ್ಯಾಂಡ್ ಆಗಿದ್ದರೆ, ಅದಕ್ಕಿಂತ ಹೆಚ್ಚಾಗಿ ಮೊದಲು ಬಾಡಿಗೆಗೆ ಓಡಿದ ಗಾಡಿಯಾಗಿದ್ದರೆ, ಸ್ಟಿಯರಿಂಗ್ ಕೆಳಗೆ ಕಪ್ಪು ಟೇಪ್ ಸುತ್ತಿದ ಹೊರಗಿನ ರಿಲೇ ನೇತಾಡುತ್ತಿದೆಯೇ ನೋಡಿ. ಜಿಪಿಎಸ್ ಟ್ರ್ಯಾಕರ್, ಅಲಾರಂ ಹಾಕುವವರು ಇಗ್ನಿಷನ್ ವೈರನ್ನೇ ಕತ್ತರಿಸಿ ನಡುವೆ ರಿಲೇ ಕೂರಿಸುತ್ತಾರೆ. ಆ ರಿಲೇ ಕೆಟ್ಟರೆ ಕಂಪನಿಯ ವೈರಿಂಗ್ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ದೋಷ ಸಿಗುವುದಿಲ್ಲ, ಏಕೆಂದರೆ ಅದು ನಕ್ಷೆಯಲ್ಲೇ ಇಲ್ಲ.

ಗಾಡಿ ಕದಿಯದಂತೆ ಎಂಜಿನ್ ತಡೆಯುವ ಇಮೊಬಿಲೈಸರ್ ಬಗ್ಗೆ ಎರಡೇ ಮಾತು. ಕೀಯೊಳಗಿನ ಚಿಪ್ ಗುರುತು ಸಿಗದಿದ್ದರೆ ಮೀಟರ್ ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿನುಗುತ್ತದೆ, ಬಾಕಿ ದೀಪಗಳು ಹತ್ತುತ್ತವೆ. ನಿಮ್ಮಲ್ಲಿ ಒಂದೂ ಹತ್ತುತ್ತಿಲ್ಲವಾದ್ದರಿಂದ ಕೀ ಕೋಡಿಂಗಿಗೆ ಈಗ ಕೈಹಾಕುವ ಅಗತ್ಯವಿಲ್ಲ. ಬಟನ್ ಸ್ಟಾರ್ಟ್ ಗಾಡಿಯವರಿಗೆ: ಬಟನ್ ಒತ್ತಿದರೂ ಏನೂ ಆಗದಿದ್ದರೆ ರಿಮೋಟಿನ ಸೆಲ್ ಸತ್ತಿರಬಹುದು. ರಿಮೋಟನ್ನು ಬಟನ್ನಿಗೇ ತಾಗಿಸಿ, ಬ್ರೇಕ್ ತುಳಿದು ಒತ್ತಿ. ಒಳಗಿನ ಚಿಪ್ಪಿಗೆ ಸೆಲ್ ಬೇಕಿಲ್ಲ, ಹೆಚ್ಚಿನ ಗಾಡಿಗಳಲ್ಲಿ ಹೀಗೆ ಕೆಲಸ ನಡೆಯುತ್ತದೆ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಕೀ ಅಲ್ಲಾಡಿಸಿ ಸ್ಟಾರ್ಟ್ ಮಾಡಿಕೊಂಡು ಇಷ್ಟು ದಿನ ಓಡಿಸಿದ್ದೀರಿ. ಮತ್ತೆ ಯಾವಾಗಲಾದರೂ ಹಾಗೆ ಸ್ಟಾರ್ಟ್ ಆದರೆ ಅದನ್ನು ಗ್ಯಾರೇಜಿನ ತನಕವೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಕುಮಟೆಗೆ ದೇವಿಮನೆ ಘಾಟಿ ಇಳಿಯುವಾಗ ಆ ಕಾಂಟ್ಯಾಕ್ಟ್ ಬಿಟ್ಟರೆ ಎಂಜಿನ್ ನಿಲ್ಲುತ್ತದೆ, ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಬಾರಿ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಬಲವೆಲ್ಲ ಹಾಕಬೇಕು. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಸ್ವಿಚ್ಚಿನ ಹಿಡಿತ ಸಡಿಲವಾಗಿದ್ದರಿಂದ ಭಾರದ ಕೀ ಗೊಂಚಲಿಗೋ ರಸ್ತೆಯ ಕುಲುಕಾಟಕ್ಕೋ ಕೀ ಆನ್‌ನಿಂದ ಎಸಿಸಿಗೆ ಜಾರುತ್ತಿತ್ತು. ಎಂಜಿನ್ ನಿಂತು, ಅಪಘಾತದ ಹೊತ್ತಿಗೆ ಏರ್‌ಬ್ಯಾಗಿಗೂ ಕರೆಂಟ್ ಇರುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿ ಪರಿಹಾರ ಕೊಟ್ಟಿತು. ನಿಮ್ಮ ಗಾಡಿಯ ದೋಷದ ಮೂಲ ಬೇರೆ ಇರಬಹುದು, ಆದರೆ ಓಡುವಾಗ ಇಗ್ನಿಷನ್ ಹೋದರೆ ಪರಿಣಾಮ ಒಂದೇ. ಕೀ ಗೊಂಚಲಿನಲ್ಲಿ ಮನೆ, ಗೋದಾಮು, ಕಪಾಟಿನ ಕೀಲಿಗಳನ್ನೆಲ್ಲ ಪೋಣಿಸಿಕೊಂಡಿದ್ದರೆ ಇವತ್ತೇ ಬೇರೆ ಮಾಡಿ. ಇದೇ ಕಾರಣಕ್ಕೆ, ಸ್ವಿಚ್ ಬಿಟ್ಟು ವೈರ್ ಡೈರೆಕ್ಟ್ ಮಾಡಿಕೊಡುತ್ತೇವೆ ಎಂದರೂ ಒಪ್ಪಬೇಡಿ.

ಗ್ಯಾರೇಜಿಗೆ ಹೋದಾಗ ಜಗಳ ಬೇಡ. ಇಸಿಎಂ ಪಿನ್ನಿನಲ್ಲಿ ಬ್ಯಾಟರಿ ಸಪ್ಲೈ, ಇಗ್ನಿಷನ್ ಸಪ್ಲೈ, ಅರ್ತ್ ಎಷ್ಟೆಷ್ಟು ಬರುತ್ತಿದೆ ಎಂದು ತೋರಿಸಿ ಎಂದು ಕೇಳಿ. ಈ ಮೂರೂ ಸರಿ ಇದ್ದು, ಮೇನ್ ರಿಲೇ ಬದಲಿಸಿ ನೋಡಿಯೂ ಅದು ಮಾತಾಡದಿದ್ದರೆ ಆಗ ಇಸಿಎಂ ಮೇಲೆ ಅನುಮಾನ ಪಡುವುದು ನ್ಯಾಯ. ದೋಷ ಸ್ವಿಚ್ಚಿನದೇ ಎಂದು ಖಚಿತವಾದರೆ ಎಲೆಕ್ಟ್ರಿಕಲ್ ಸ್ವಿಚ್ ಮಾತ್ರ ಬದಲಿಸಲು ಸಾಧ್ಯವೇ ವಿಚಾರಿಸಿ. ಲಾಕ್ ಹಾಗೇ ಉಳಿದರೆ ಕೀಯೂ ಅದೇ, ಕೋಡಿಂಗೂ ಬೇಕಿಲ್ಲ, ಇಸಿಎಂಗೆ ಹೇಳಿದ ಮೊತ್ತದ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಕನೆಕ್ಟರಿನ ಪಿನ್ ಸುಟ್ಟಿದ್ದರೆ ಅದನ್ನೂ ಬದಲಿಸಲೇಬೇಕು, ಸಡಿಲವಾದ ಹಳೆ ಪಿನ್ ಹೊಸ ಸ್ವಿಚ್ಚನ್ನೂ ಸುಡುತ್ತದೆ.

ಹೊಸ ಸ್ವಿಚ್ ಕೂರಿಸಿದ ಮೇಲೆ ಕವರ್ ಹಾಕುವ ಮುಂಚೆ ಒಂದು ಅಳತೆ ಬಾಕಿ ಇರಲಿ. ಎಂಜಿನ್ ಓಡಿಸಿ, ಬ್ಲೋವರ್ ಪೂರ್ತಿ ಇಟ್ಟು, ವೈಪರ್ ಹಾಕಿ. ಮೀಟರಿನ ಒಂದು ವೈರ್ ಸ್ವಿಚ್ಚಿಗೆ ಬರುವ ಬ್ಯಾಟರಿ ಪಿನ್ನಿಗೆ, ಇನ್ನೊಂದು ಹೊರಹೋಗುವ ಇಗ್ನಿಷನ್ ಪಿನ್ನಿಗೆ. ನಡುವಿನ ವ್ಯತ್ಯಾಸ ಸುಮಾರು 0.2 ವೋಲ್ಟ್ ದಾಟಬಾರದು. ಹತ್ತು ನಿಮಿಷ ಬಿಟ್ಟು ಕನೆಕ್ಟರನ್ನು ಬೆರಳಿನಿಂದ ಮುಟ್ಟಿ ನೋಡಿ, ಬಿಸಿ ತಾಗಬಾರದು. ತಾಗಿದರೆ ಎಲ್ಲೋ ಹೆಚ್ಚುವರಿ ಲೋಡ್ ಸೇರಿದೆ. ಅದನ್ನು ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಮೂಲಕ ಬ್ಯಾಟರಿಯಿಂದಲೇ ಕೊಡಿಸಬೇಕು. ಸದ್ಯಕ್ಕೆ ಕೀ ಆನ್ ಇರುವಾಗ ಸ್ವಿಚ್ಚಿನ ಒಳಬರುವ ವೋಲ್ಟ್, ಹೊರಹೋಗುವ ವೋಲ್ಟ್, ಬ್ಯಾಟರಿ ವೋಲ್ಟ್ ಈ ಮೂರು ಅಂಕಿಗಳನ್ನೂ, ಹಜಾರ್ಡ್ ಮತ್ತು ಇಂಡಿಕೇಟರ್ ಪರೀಕ್ಷೆಯಲ್ಲಿ ಏನಾಯಿತು ಎಂಬುದನ್ನೂ ಬರೆದು ಕಳಿಸಿ. ಮುಂದಿನ ಹೆಜ್ಜೆ ಯಾವುದೆಂದು ಅವನ್ನು ನೋಡಿ ಹೇಳುತ್ತೇನೆ.